ಹಠವಲ್ಲ, ತುತ್ತು ಇಳಿಯುತ್ತಿಲ್ಲ

ಓದುಗರ ಪ್ರಶ್ನೆ, ಆಹಾರತಜ್ಞೆಯ ಉತ್ತರ

ಆಟಿಸಂ ಇರುವವರ ಊಟದ ತೊಂದರೆಯ ಬಗ್ಗೆ ಬಂದ ಪತ್ರಗಳನ್ನೆಲ್ಲ ಈ ವಾರ ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದೆ. ಬಹುಪಾಲು ಪತ್ರಗಳಲ್ಲಿ ಒಂದೇ ಪದ ಕಣ್ಣಿಗೆ ಬಿತ್ತು: ಹಠ. ತಾಯಂದಿರು ಮಕ್ಕಳನ್ನು ಹಾಗೆ ಕರೆದಿದ್ದಾರೆ, ವೈದ್ಯರು ರೋಗಿಗಳನ್ನು ಕರೆದಿದ್ದಾರೆ, ಎಷ್ಟೋ ಮಂದಿ ತಮ್ಮನ್ನೇ ತಾವು ಹಾಗೆ ಬೈದುಕೊಂಡಿದ್ದಾರೆ. ಹದಿನಾರು ವರ್ಷಗಳಿಂದ ನಾನು ಆಹಾರತಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ನನಗೂ ಆಟಿಸಂ ಇದೆ. ಅದು ಗೊತ್ತಾದದ್ದು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ. ಅದಕ್ಕೂ ಬಹಳ ಮೊದಲು, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಊಟ ನಿಂತುಹೋಗಿ ಹನ್ನೊಂದು ವಾರ ಆಸ್ಪತ್ರೆಯಲ್ಲಿದ್ದೆ. ಹೀಗಾಗಿ ಇಲ್ಲಿನ ಉತ್ತರಗಳಲ್ಲಿ ಓದಿ ಕಲಿತದ್ದೂ ಇದೆ, ಅನುಭವಿಸಿ ಕಲಿತದ್ದೂ ಇದೆ.

ಪ್ರಶ್ನೆ: ನನಗೆ 27 ವರ್ಷ. ಎರಡು ವರ್ಷದ ಹಿಂದೆ ಆಟಿಸಂ ಇದೆ ಎಂದು ತಿಳಿಯಿತು. ನಾನು ತಿನ್ನುತ್ತಿದ್ದದ್ದು ಐದೇ ಪದಾರ್ಥ. ಕಳೆದ ವರ್ಷ ಕೆಲಸ ಬದಲಾದ ಮೇಲೆ ಅದು ಮೂರಕ್ಕೆ ಇಳಿಯಿತು. ಒಂಬತ್ತು ಕಿಲೋ ತೂಕ ಹೋಯಿತು. ಊಟದ ಕಾಯಿಲೆಗಳಿಗೆಂದೇ ಇರುವ ಒಂದು ಚಿಕಿತ್ಸಾ ಕೇಂದ್ರಕ್ಕೆ ಹೋದೆ. ದಪ್ಪಗಾಗುವ ಭಯವಿದೆಯೇ ಎಂದು ಮತ್ತೆ ಮತ್ತೆ ಕೇಳಿದರು. ಇಲ್ಲ ಎಂದೆ. ‘ಒಪ್ಪಿಕೊಳ್ಳುತ್ತಿಲ್ಲ’ ಎಂದು ಬರೆದುಕೊಂಡರು. ಎಲ್ಲರೊಂದಿಗೆ ಕುಳಿತು ಊಟ, ಗುಂಪಿನಲ್ಲಿ ಮಾತುಕತೆ, ಕನ್ನಡಿಯ ಮುಂದೆ ನಿಂತು ದೇಹದ ಬಗ್ಗೆ ಬರೆಯುವ ಅಭ್ಯಾಸ, ಇವೇ ಚಿಕಿತ್ಸೆ. ಮೂರು ವಾರಕ್ಕೆ ಬಿಟ್ಟು ಬಂದೆ. ಈಗ ನನ್ನ ಕಡತದಲ್ಲಿ ‘ಸಹಕರಿಸದ ರೋಗಿ’ ಎಂದಿದೆ. ಮತ್ತೆ ಹೋಗಬೇಕೇ? ಹೋದರೆ ಏನು ಹೇಳಬೇಕು?

ಉತ್ತರ: ಹೋಗಬೇಕು. ಆದರೆ ಮಾನಸಿಕ ಚಿಕಿತ್ಸೆಯ ಮಾತು ಆಮೇಲೆ. ಮೊದಲು, ಈ ವಾರದಲ್ಲೇ, ಸಾಮಾನ್ಯ ವೈದ್ಯರೊಬ್ಬರ ಬಳಿ ಹೋಗಿ ನಾಡಿ, ರಕ್ತದೊತ್ತಡ, ಇಸಿಜಿ ಮತ್ತು ರಕ್ತಪರೀಕ್ಷೆ ಮಾಡಿಸಿ. ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ ಎಷ್ಟಿವೆ ಎಂದು ನೋಡಲು ಕೇಳಿ. ಬಹಳ ದಿನ ತೀರಾ ಕಡಿಮೆ ತಿಂದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ಬಿದ್ದರೆ ರಕ್ತದಲ್ಲಿನ ಫಾಸ್ಫೇಟ್ ದಿಢೀರನೆ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಆದ್ದರಿಂದ ‘ನಾಳೆಯಿಂದ ಹೊಟ್ಟೆ ತುಂಬ ತಿನ್ನುತ್ತೇನೆ’ ಎಂದು ಒಬ್ಬರೇ ಶುರು ಮಾಡಬೇಡಿ. ತಲೆ ಸುತ್ತಿ ಬೀಳುವುದು, ಎದೆನೋವು, ನೀರೂ ಇಳಿಯದಿರುವುದು, ಇವುಗಳಲ್ಲಿ ಯಾವುದೇ ಇದ್ದರೂ ಈ ಪತ್ರಿಕೆಯನ್ನು ಪಕ್ಕಕ್ಕಿಟ್ಟು ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಇನ್ನು ‘ಒಪ್ಪಿಕೊಳ್ಳುತ್ತಿಲ್ಲ’ ಎಂಬ ಮಾತು. ಅದನ್ನು ಓದಿ ಸ್ವಲ್ಪ ಹೊತ್ತು ಪತ್ರ ಮುಚ್ಚಿಟ್ಟೆ. ನನ್ನ ಹಳೆಯ ಕಡತದಲ್ಲೂ ಅದೇ ಮಾತಿದೆ. ಹತ್ತೊಂಬತ್ತರ ನಾನು ವೈದ್ಯರಿಗೆ ಹೇಳಿದ್ದು ಇಷ್ಟು: ‘ಆಲೂಗಡ್ಡೆ ಬೇರೆ ಇರಲಿ, ಅದರ ಮೇಲೆ ರಸ ಸುರಿಯಬೇಡಿ. ರಸ ತಾಗಿದ ಕಡೆ ಅದು ಬಾಯಲ್ಲಿ ಒದ್ದೆ ಕಾಗದದ ಹಾಗೆ ಆಗುತ್ತದೆ, ಗಂಟಲು ತಾನಾಗಿ ಮುಚ್ಚಿಕೊಳ್ಳುತ್ತದೆ.’ ಅವರು ಕೇಳಿಸಿಕೊಂಡದ್ದು: ರಸದಲ್ಲಿ ಕೊಬ್ಬಿದೆ, ಹುಡುಗಿಗೆ ಕೊಬ್ಬಿನ ಭಯ. ಅಲ್ಲಿಂದ ಮುಂದಿನ ಹನ್ನೊಂದು ವಾರ ನಾನು ಇಲ್ಲದ ಭಯಕ್ಕೆ ಚಿಕಿತ್ಸೆ ಪಡೆದೆ. ಇದ್ದ ತೊಂದರೆ ಇದ್ದ ಹಾಗೆಯೇ ಮನೆಗೆ ಬಂತು.

ಆಗ ಅದಕ್ಕೆ ಒಂದು ಹೆಸರೂ ಇರಲಿಲ್ಲ. ಈಗ ಇದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಮಾನಸಿಕ ಕಾಯಿಲೆಗಳ ತನ್ನ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಆರ್ಫಿಡ್ ಎಂಬ ಕಾಯಿಲೆಯನ್ನು ಸೇರಿಸಿತು. ಆಹಾರವನ್ನು ದೂರವಿಡುವ ಅಥವಾ ತೀರಾ ಸೀಮಿತಗೊಳಿಸುವ ತೊಂದರೆ ಎಂದು ಅದರ ಅರ್ಥ. ಅದಕ್ಕೂ ಮೊದಲಿನ ಕೈಪಿಡಿಯಲ್ಲಿದ್ದ ಇಂಥ ತೊಂದರೆ ಶಿಶುಗಳಿಗೆ ಮತ್ತು ಚಿಕ್ಕ ಮಕ್ಕಳಿಗೆ ಮಾತ್ರ ಮೀಸಲಾಗಿತ್ತು. ದೊಡ್ಡವರಾದವರು ಯಾವ ಪಟ್ಟಿಯಲ್ಲೂ ಇರಲಿಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿಯಲ್ಲೂ ಆರ್ಫಿಡ್ ಇದೆ. ಇದರಲ್ಲಿ ತಿನ್ನದಿರುವುದಕ್ಕೆ ಕಾರಣ ತೂಕವೂ ಅಲ್ಲ, ಮೈಕಟ್ಟೂ ಅಲ್ಲ. ಕೆಲವರಿಗೆ ರುಚಿ, ವಾಸನೆ, ಬಾಯಿಗೆ ಸಿಗುವ ಹದ ತಡೆಯಲಾಗುವುದಿಲ್ಲ. ಕೆಲವರಿಗೆ ಹಸಿವೇ ತಿಳಿಯುವುದಿಲ್ಲ, ಊಟದಲ್ಲಿ ಆಸಕ್ತಿಯೇ ಇರುವುದಿಲ್ಲ. ಇನ್ನು ಕೆಲವರಿಗೆ ಒಮ್ಮೆ ಗಂಟಲಲ್ಲಿ ಸಿಕ್ಕಿಕೊಂಡೋ ವಾಂತಿಯಾಗಿಯೋ ಅದೇ ಮತ್ತೆ ಆದೀತೆಂಬ ದಿಗಿಲು. ಒಬ್ಬರಲ್ಲೇ ಮೂರೂ ಇರಬಹುದು. ಆಟಿಸಂ ಇರುವವರಿಗೆ ಅನೊರೆಕ್ಸಿಯಾ, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಡುವ ಕಾಯಿಲೆ, ಬರುವುದೇ ಇಲ್ಲ ಎಂದು ಇದರ ಅರ್ಥವಲ್ಲ. ಬರುತ್ತದೆ, ಅದರ ಬಗ್ಗೆ ಕೆಳಗೆ ಇನ್ನೊಬ್ಬರಿಗೆ ಬರೆದಿದ್ದೇನೆ. ನಾನು ಹೇಳುವುದು ಇಷ್ಟೇ: ನಿಮ್ಮ ತಡೆ ಯಾವುದು ಎಂದು ಪತ್ತೆ ಮಾಡದೆ ಚಿಕಿತ್ಸೆ ಶುರು ಮಾಡಿದರೆ ಅದು ಬೇರೆ ಯಾರದೋ ಕಾಯಿಲೆಗೆ ಔಷಧಿಯಾಗುತ್ತದೆ.

ಊಟದ ಕಾಯಿಲೆ ಪತ್ತೆಗೆ ಬಳಸುವ ಪ್ರಶ್ನಾವಳಿಗಳಲ್ಲೂ ಇದೇ ಎಡವಟ್ಟು. ‘ಊಟದಲ್ಲಿ ಕಟ್ಟುನಿಟ್ಟಿನ ನಿಯಮ ಪಾಲಿಸುತ್ತೀರಾ?’ ಎಂಬಂಥ ಪ್ರಶ್ನೆಗೆ ನಮ್ಮಂಥವರು ಹೌದು ಎಂದೇ ಬರೆಯುತ್ತೇವೆ. ಒಂದು ಪದಾರ್ಥ ಇನ್ನೊಂದಕ್ಕೆ ತಾಗಬಾರದು ಎಂಬುದೂ ನಿಯಮವೇ ತಾನೇ? ಅಂಕ ಏರುತ್ತದೆ, ಕಾರಣ ಮಾತ್ರ ತಪ್ಪಾಗಿ ದಾಖಲಾಗುತ್ತದೆ. ಆಟಿಸಂ ಇರುವವರ ಊಟದ ತೊಂದರೆಗೆಂದೇ ಸ್ವೀಡನ್ನಿನ ಸಂಶೋಧಕರು ‘ಸ್ವಿಯಾ’ ಎಂಬ ಪ್ರಶ್ನಾವಳಿ ರೂಪಿಸಿದ್ದಾರೆ. ಆರ್ಫಿಡ್ ಗುರುತಿಸಲು ‘ನಿಯಾಸ್’ ಎಂಬ ಒಂಬತ್ತೇ ಪ್ರಶ್ನೆಗಳ ಪಟ್ಟಿಯೂ ಇದೆ. ಇವುಗಳನ್ನು ಬಳಸುತ್ತೀರಾ ಎಂದು ಹೊಸ ತಂಡವನ್ನು ಕೇಳಿ. ಅವರು ಕೇಳಿಯೇ ಇಲ್ಲವೆಂದರೆ ಎದ್ದು ಬರಬೇಕಾಗಿಲ್ಲ. ಕೇಳಿದ ಮೇಲೆ ಹುಡುಕಿ ಓದುತ್ತಾರೆಯೇ ಎಂಬುದನ್ನು ಗಮನಿಸಿ. ನನ್ನ ಅನುಭವದಲ್ಲಿ, ತಂಡ ಒಳ್ಳೆಯದೋ ಅಲ್ಲವೋ ಎಂಬುದು ಅಲ್ಲಿ ತಿಳಿಯುತ್ತದೆ.

ಮಾತಿನಲ್ಲಿ ಹೇಳಬೇಡಿ, ಬರೆದುಕೊಂಡು ಹೋಗಿ. ವೈದ್ಯರ ಕೋಣೆಯಲ್ಲಿ ಬಾಯಿ ಕಟ್ಟಿಹೋಗುವುದು ನಮಗೆ ಹೊಸದಲ್ಲ. ಒಂದು ಪುಟ ಸಾಕು. ಈಗ ತಿನ್ನುವ ಪದಾರ್ಥಗಳು, ಯಾವ ಕಂಪನಿಯದು, ಬಿಸಿಯೋ ತಣ್ಣಗೋ, ಯಾವ ಪಾತ್ರೆಯಲ್ಲಿ. ಮೊದಲು ತಿನ್ನುತ್ತಿದ್ದು ಈಗ ಬಿಟ್ಟುಹೋದದ್ದು ಯಾವುದು, ಬಿಟ್ಟುಹೋದ ತಿಂಗಳಲ್ಲಿ ಬದುಕಿನಲ್ಲಿ ಏನು ಬದಲಾಗಿತ್ತು. ಚಮಚ ಬಾಯಿಯ ಹತ್ತಿರ ಬಂದಾಗ ದೇಹದಲ್ಲಿ ಏನಾಗುತ್ತದೆ. ಈ ಕೊನೆಯ ಸಾಲಿಗೆ ಹೆಚ್ಚು ಜಾಗ ಕೊಡಿ. ‘ಇಷ್ಟವಿಲ್ಲ’ ಎಂದು ಬರೆಯಬೇಡಿ. ದವಡೆ ಬಿಗಿಯುತ್ತದೆಯೇ, ನಾಲಿಗೆ ಹಿಂದಕ್ಕೆ ಸರಿಯುತ್ತದೆಯೇ, ಕಣ್ಣಲ್ಲಿ ನೀರು ಬರುತ್ತದೆಯೇ, ಅದನ್ನು ಬರೆಯಿರಿ. ಅದೇ ಪುಟದ ಕೆಳಗೆ ನಿಮಗೆ ಬೇಕಾದ ಬದಲಾವಣೆಗಳು: ಗುಂಪಿನ ಬದಲು ಒಬ್ಬರೊಂದಿಗೇ ಮಾತುಕತೆ, ಊಟಕ್ಕೆ ಗೋಡೆಯ ಕಡೆಯ ಆಸನ, ಮರುದಿನದ ಊಟ ಏನೆಂದು ಹಿಂದಿನ ದಿನವೇ ಬರಹದಲ್ಲಿ, ತೂಕ ನೋಡಲು ನಿಗದಿತ ದಿನ ಮತ್ತು ಹೊತ್ತು. ಇದನ್ನು ವಿಶೇಷ ಸೌಲಭ್ಯದ ಬೇಡಿಕೆ ಎಂದು ಯಾರಾದರೂ ಅಂದರೆ, ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯವರು ಇದನ್ನೇ ಕ್ರಮಬದ್ಧವಾಗಿ ಮಾಡಿದ್ದಾರೆ ಎಂದು ತಿಳಿಸಿ. ಪ್ರೊಫೆಸರ್ ಕೇಟ್ ಚಾಂಚೂರಿಯಾ ಅವರ ನೇತೃತ್ವದಲ್ಲಿ ಅಲ್ಲಿ ‘ಪೀಸ್’ ಎಂಬ ಚಿಕಿತ್ಸಾ ಮಾರ್ಗ ರೂಪುಗೊಂಡಿತು. ಸಪ್ಪೆ ರುಚಿಯ, ಹದದಲ್ಲಿ ಏರುಪೇರಿಲ್ಲದ ಪ್ರತ್ಯೇಕ ಊಟದ ಪಟ್ಟಿ, ಗದ್ದಲ ಕಡಿಮೆ ಮಾಡಿದ ವಾರ್ಡ್, ರೋಗಿ ತನ್ನ ಬಗ್ಗೆ ತಾನೇ ಬರೆದುಕೊಟ್ಟ ಪರಿಚಯ ಪತ್ರ, ಇವೆಲ್ಲ ಅದರ ಭಾಗ. ಆ ವಿವರಗಳು ಮುಕ್ತವಾಗಿ ಓದಲು ಸಿಗುತ್ತವೆ. ಮುದ್ರಿಸಿಕೊಂಡು ಹೋಗಿ ಕೊಡಿ.

ಇನ್ನೊಂದು ಮಾತು. ಈಗ ತಿನ್ನುತ್ತಿರುವ ಆ ಮೂರು ಪದಾರ್ಥಗಳನ್ನು ಯಾರೂ ನಿಮ್ಮಿಂದ ಕಸಿಯಲು ಬಿಡಬೇಡಿ. ಮೊದಲ ಕೆಲಸ ಹೊಟ್ಟೆಗೆ ಸಾಕಷ್ಟು ಬೀಳುವುದು. ಬಗೆಬಗೆಯದನ್ನು ತಿನ್ನುವುದು ಎರಡನೆಯದು. ಆರ್ಫಿಡ್‌ಗೆಂದೇ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರೂಪಿಸಿದ ಅರಿವು ಮತ್ತು ವರ್ತನೆ ಆಧಾರಿತ ಚಿಕಿತ್ಸೆಯೂ ಇದೇ ಕ್ರಮದಲ್ಲಿ ಸಾಗುತ್ತದೆ. ತೂಕ ಕಡಿಮೆಯಿರುವವರು ಮೊದಲು ತಮಗೆ ಒಗ್ಗಿದ್ದನ್ನೇ ಹೆಚ್ಚು ತಿನ್ನುತ್ತಾರೆ. ಆಮೇಲೆ ಹೊಸದೊಂದನ್ನು ನೋಡುವುದು, ಮುಟ್ಟುವುದು, ಮೂಸುವುದು, ನಾಲಿಗೆಗೆ ತಾಗಿಸುವುದು, ಅಗಿಯುವುದು. ಸಾಮಾನ್ಯವಾಗಿ 20ರಿಂದ 30 ಭೇಟಿಗಳು ಬೇಕಾಗುತ್ತವೆ. ಮೂರು ವಾರದಲ್ಲಿ ಮುಗಿಯುವ ಕೆಲಸ ಇದಲ್ಲ. ನೀವು ಸೋತು ಬಂದಿರಿ ಎಂದು ನಾನು ಒಪ್ಪುವುದಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ. ಒಂದೇ ಕಂಪನಿಯ ಬಿಸ್ಕತ್ತು, ಹಾಲು, ಒಣ ಬ್ರೆಡ್, ಇಷ್ಟೇ ತಿನ್ನುತ್ತಿದ್ದ. ಕಂಪನಿಯವರು ಬಿಸ್ಕತ್ತಿನ ಪೊಟ್ಟಣದ ಬಣ್ಣ ಬದಲಿಸಿದ್ದೇ ಅದನ್ನೂ ಬಿಟ್ಟ. ಹಾಲಿನಲ್ಲಿ ಗೊತ್ತಾಗದ ಹಾಗೆ ವಿಟಮಿನ್ ಪುಡಿ ಬೆರೆಸಿದೆ. ಈಗ ಹಾಲೂ ಇಲ್ಲ. ಹಸಿವಾದರೆ ತಾನೇ ತಿನ್ನುತ್ತಾನೆ, ಎರಡು ದಿನ ಬಿಟ್ಟುಬಿಡು ಎಂದು ಎಲ್ಲರೂ ಹೇಳುತ್ತಾರೆ. ಒಂದು ತಿಂಗಳಿಂದ ಕಾಲು ನೋವೆಂದು ನಡೆಯಲು ಅಳುತ್ತಾನೆ. ಆಟಿಸಂನವರಿಗೆ ಹಾಗಾಗುತ್ತದೆ ಎಂದು ಒಬ್ಬ ವೈದ್ಯರು ಹೇಳಿದರು.

ಉತ್ತರ: ಅಮ್ಮಾ, ಕಾಲುನೋವನ್ನು ಮೊದಲು ನೋಡೋಣ. ಬೇರೆ ವೈದ್ಯರ ಬಳಿ ಹೋಗಿ, ನಾಳೆಯೇ ಹೋಗಿ. ಹಣ್ಣು ತರಕಾರಿ ಒಂದೂ ಸೇರದ ಮಗುವಿಗೆ ಕಾಲು ನೋವು ಬಂದರೆ ಮೊದಲು ನೆನಪಾಗಬೇಕಾದದ್ದು ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆ. ಒಂದರಿಂದ ಮೂರು ತಿಂಗಳು ವಿಟಮಿನ್ ಸಿ ಸಾಲದೆ ಹೋದರೆ ಸಾಕು, ಅದು ಕಾಣಿಸಿಕೊಳ್ಳುತ್ತದೆ. ವಸಡು ಊದಿದೆಯೇ, ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳಿವೆಯೇ ಎಂದು ಈಗಲೇ ನೋಡಿ. ಇದು ಹಳೆಯ ಕಾಲದ ನಾವಿಕರ ಕಾಯಿಲೆ ಎಂದು ಎಷ್ಟೋ ವೈದ್ಯರಿಗೆ ಹೊಳೆಯುವುದೇ ಇಲ್ಲ. ಆಟಿಸಂ ಇರುವ ಮಕ್ಕಳು ಇದೇ ಕೊರತೆಯಿಂದ ನಡೆಯಲಾಗದೆ ಹೋದಾಗ, ಮೂಳೆಯ ಕಾಯಿಲೆ, ರಕ್ತದ ಕಾಯಿಲೆ ಎಂದು ವಾರಗಟ್ಟಲೆ ತಪಾಸಣೆಗೆ ಒಳಗಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಹಲವಾರಿವೆ. ಪತ್ತೆಯಾದರೆ ಚಿಕಿತ್ಸೆ ಸರಳ. ನೋವು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಜೊತೆಗೆ ವಿಟಮಿನ್ ಎ, ಡಿ, ಬಿ12, ಕಬ್ಬಿಣ, ಕ್ಯಾಲ್ಸಿಯಂ ನೋಡಿಸಿ. ಮಬ್ಬು ಬೆಳಕಿನಲ್ಲಿ ಎಡವುತ್ತಾನೆಯೇ ಎಂದು ಗಮನಿಸಿ; ವಿಟಮಿನ್ ಎ ಕಡಿಮೆಯಾದರೆ ಕಣ್ಣಿಗೆ ಕುತ್ತು. ಹಲ್ಲು ಹುಳುಕು, ಮಲಬದ್ಧತೆ, ಎದೆಯುರಿ, ನುಂಗುವಾಗ ನೋವು, ಇವೂ ಇಲ್ಲವೆಂದು ಖಚಿತವಾಗಬೇಕು. ನೋವನ್ನು ಹೇಳಿಕೊಳ್ಳಲಾಗದ ಮಗು ಊಟ ಬಿಟ್ಟೇ ಅದನ್ನು ಹೇಳುತ್ತದೆ. ‘ಆಟಿಸಂನವರಿಗೆ ಹಾಗಾಗುತ್ತದೆ’ ಎಂಬ ಮಾತಿನಿಂದ ಯಾವ ತಪಾಸಣೆಯೂ ನಿಲ್ಲಬಾರದು.

ಹಸಿವಾದರೆ ತಿನ್ನುತ್ತಾನೆ ಎಂಬುದು ಬಹುತೇಕ ಮಕ್ಕಳ ಮಟ್ಟಿಗೆ ನಿಜ. ಇಂಥ ಮಕ್ಕಳ ಮಟ್ಟಿಗೆ ನಿಜವಲ್ಲ, ಉಪವಾಸ ಕೆಡವಿ ಪರೀಕ್ಷಿಸಬೇಡಿ. 1943ರಲ್ಲಿ ಲಿಯೋ ಕ್ಯಾನರ್ ಆಟಿಸಂ ಇರುವ ಹನ್ನೊಂದು ಮಕ್ಕಳನ್ನು ಮೊದಲ ಬಾರಿಗೆ ವಿವರಿಸಿ ಬರೆದಾಗಲೇ, ಅವರಲ್ಲಿ ಆರು ಮಕ್ಕಳಿಗೆ ಶೈಶವದಿಂದ ಊಟದ ತೀವ್ರ ತೊಂದರೆ ಇತ್ತೆಂದು ದಾಖಲಿಸಿದ್ದಾರೆ. ಒಂದು ಮಗುವಿಗೆ ವರ್ಷ ತುಂಬುವವರೆಗೂ ಕೊಳವೆಯಲ್ಲೇ ಆಹಾರ ಕೊಡಬೇಕಾಗಿತ್ತು. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಶೇ. 70ರಷ್ಟು ಮಂದಿಗೆ ಊಟದಲ್ಲಿ ಅಸಾಮಾನ್ಯ ವರ್ತನೆಗಳಿದ್ದವು. ಇತರ ಮಕ್ಕಳಲ್ಲಿ ಅದು ಶೇ. 5ರಷ್ಟು. ನೀವು ಬೆಳೆಸಿದ್ದರಲ್ಲಿ ತಪ್ಪಿದೆ ಎಂದು ಹೇಳುವವರಿಗೆ ಈ ಅಂಕಿಗಳನ್ನು ತೋರಿಸಿ.

ಬಿಸ್ಕತ್ತೇ ಏಕೆ ಬೇಕು, ಸೇಬು ಏಕೆ ಬೇಡ ಎಂದು ಎಲ್ಲ ತಾಯಂದಿರೂ ನನ್ನನ್ನು ಕೇಳುತ್ತಾರೆ. ಒಂದು ಸೇಬನ್ನು ಆರು ಹೋಳು ಮಾಡಿ ಕಣ್ಣು ಮುಚ್ಚಿಕೊಂಡು ತಿಂದು ನೋಡಿ. ಒಂದು ಹೋಳು ಕರುಂ ಎನ್ನುತ್ತದೆ, ಬೀಜದ ಹತ್ತಿರದ್ದು ಚರ್ಮದಂತೆ ಅಂಟುತ್ತದೆ, ಪೆಟ್ಟು ಬಿದ್ದ ಕಡೆ ಹಿಟ್ಟಿನಂತೆ ಕುಸಿಯುತ್ತದೆ, ಸಿಪ್ಪೆ ಹಲ್ಲಿನ ಸಂದಿಗೆ ಹೋಗುತ್ತದೆ. ನಿಮ್ಮ ಮಗನ ಬಾಯಿಗೆ ಅದು ಒಂದೇ ಹೆಸರಿನ ಆರು ಪದಾರ್ಥ. ಬಿಸ್ಕತ್ತು ಎಂದೂ ಮೋಸ ಮಾಡುವುದಿಲ್ಲ. ಪೊಟ್ಟಣದ ಬಣ್ಣ ಬದಲಾದ ದಿನ ಅದೂ ಮೋಸ ಮಾಡಿತೆಂದು ಅವನಿಗೆ ಅನ್ನಿಸಿದೆ. ಹಳೆಯ ಪೊಟ್ಟಣ ಎಲ್ಲಾದರೂ ಉಳಿದಿದ್ದರೆ, ಅವನ ಕಣ್ಣೆದುರೇ ಹೊಸ ಪೊಟ್ಟಣ ಒಡೆದು ಬಿಸ್ಕತ್ತನ್ನು ಹಳೆಯದರ ಪಕ್ಕದಲ್ಲಿಡಿ. ಅಕ್ಷರಗಳು, ಅಂಚಿನ ಗೀರುಗಳು ಒಂದೇ ಎಂದು ಅವನೇ ಹೋಲಿಸಿ ನೋಡಲಿ. ತಿನ್ನು ಎನ್ನಬೇಡಿ. ಕೆಲವು ಮಕ್ಕಳು ಹೀಗೆ ಮರಳುತ್ತಾರೆ, ಇನ್ನು ಕೆಲವರಿಗೆ ವಾರಗಳೇ ಹಿಡಿಯುತ್ತವೆ.

ಹಾಲಿನ ವಿಷಯದಲ್ಲಿ ನೇರವಾಗಿ ಒಪ್ಪಿಕೊಳ್ಳಿ. ‘ನಾನು ಹಾಲಿನಲ್ಲಿ ಪುಡಿ ಹಾಕಿದ್ದೆ, ಇನ್ನು ಹಾಕುವುದಿಲ್ಲ’ ಎಂದು ಹೇಳಿ. ಮಾತು ಅರ್ಥವಾಗುವುದಿಲ್ಲ ಎನಿಸಿದರೂ ಹೇಳಿ, ಖಾಲಿ ಲೋಟ ತೋರಿಸಿ, ಒಡೆಯದ ಹಾಲಿನ ಪೊಟ್ಟಣವನ್ನು ಅವನ ಮುಂದೆಯೇ ಒಡೆಯಿರಿ. ವಿಟಮಿನ್ ಬೇಕೇ ಬೇಕು, ಆದರೆ ಅದು ಬೇರೆ ಲೋಟದಲ್ಲಿ, ಬೇರೆ ಹೊತ್ತಿನಲ್ಲಿ, ಅವನಿಗೆ ಗೊತ್ತಿರುವ ಹಾಗೆ ಬರಲಿ. ಒಗ್ಗಿದ ಆಹಾರದೊಳಗೆ ಏನನ್ನೂ ಅಡಗಿಸಬೇಡಿ. ಒಂದು ಸಲ ನಂಬಿಕೆ ಹೋದರೆ ಆ ಪದಾರ್ಥವೇ ಹೋಗುತ್ತದೆ.

ಹೊಸದನ್ನು ಕಲಿಸುವುದು ದೇಹ ಸ್ವಲ್ಪ ಚೇತರಿಸಿಕೊಂಡ ಮೇಲೆ. ಅದು ಊಟದ ಹೊತ್ತಿನಲ್ಲಿ ಬೇಡ, ಬೇರೆ ತಟ್ಟೆಯಲ್ಲಿ ಆಟದಂತೆ ಇರಲಿ, ತಿನ್ನಲೇಬೇಕೆಂಬ ಷರತ್ತಿಲ್ಲದೆ. ಒಂದು ಸಲಕ್ಕೆ ಒಂದೇ ಬದಲಾವಣೆ: ಅದೇ ಬಿಸ್ಕತ್ತಿನ ಬೇರೆ ಆಕಾರ, ಆಮೇಲೆ ಅದೇ ಆಕಾರದ ಬೇರೆ ಕಂಪನಿ. ಮಕ್ಕಳ ವೈದ್ಯರ ಜೊತೆಗೆ ಆಹಾರತಜ್ಞರು, ನುಂಗುವಿಕೆಯನ್ನು ಪರೀಕ್ಷಿಸುವ ವಾಕ್ ಚಿಕಿತ್ಸಕರು, ಇಂದ್ರಿಯ ಸಂವೇದನೆ ಬಲ್ಲ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ರೂಢಿಸುವ ಚಿಕಿತ್ಸಕರು) ಸೇರಿ ಯೋಜನೆ ಮಾಡಿದರೆ ಒಳ್ಳೆಯದು. ನುಂಗುವವರೆಗೆ ಚಮಚವನ್ನು ತುಟಿಯಿಂದ ತೆಗೆಯದಿರುವ, ಕೈಕಾಲು ಹಿಡಿದು ತುರುಕುವ ವಿಧಾನಗಳನ್ನು ಯಾರಾದರೂ ಸೂಚಿಸಿದರೆ ಬೇಡವೆನ್ನಿ. ಹಾಗೆ ತಿನ್ನಿಸಿಕೊಂಡು ದೊಡ್ಡವರಾದವರು ನನ್ನ ಮುಂದೆ ಕುಳಿತು ಆ ಚಮಚದ ರುಚಿಯನ್ನು ಇಂದಿಗೂ ವಿವರಿಸುತ್ತಾರೆ, ಆಹಾರದ್ದಲ್ಲ, ಲೋಹದ್ದು.

ಪ್ರಶ್ನೆ: ನನಗೆ 35 ವರ್ಷ. ಹಸಿವೇ ತಿಳಿಯುವುದಿಲ್ಲ. ಕೈ ನಡುಗಿದಾಗ ಅಥವಾ ಯಾರ ಮೇಲಾದರೂ ಸಿಡುಕಿದಾಗ ಬೆಳಿಗ್ಗೆಯಿಂದ ತಿಂದಿಲ್ಲ ಎಂದು ನೆನಪಾಗುತ್ತದೆ. ಮೊಬೈಲಿನಲ್ಲಿ ಅಲಾರಂ ಇಟ್ಟು ತಿನ್ನುತ್ತೇನೆ. ಹೆಂಡತಿ ಇದು ಯಂತ್ರದ ಬದುಕು ಎನ್ನುತ್ತಾಳೆ. ಇದಕ್ಕೆ ಚಿಕಿತ್ಸೆ ಇದೆಯೇ?

ಉತ್ತರ: ಅಲಾರಂ ನಿಮ್ಮ ಚಿಕಿತ್ಸೆ, ಅದನ್ನು ನೀವೇ ಕಂಡುಕೊಂಡಿದ್ದೀರಿ. ಹಸಿವು, ಬಾಯಾರಿಕೆ, ಮೂತ್ರ, ಆಯಾಸ, ಇಂಥ ಒಳಗಿನ ಸೂಚನೆಗಳನ್ನು ಗುರುತಿಸುವ ಶಕ್ತಿ ಆಟಿಸಂ ಇರುವ ಅನೇಕರಲ್ಲಿ ಬೇರೆ ರೀತಿ ಇರುತ್ತದೆ. ಕಣ್ಣು ಮಸುಕಾದವರು ಕನ್ನಡಕ ಹಾಕಿಕೊಂಡರೆ ಯಂತ್ರದ ಬದುಕು ಎನ್ನುವುದಿಲ್ಲವಲ್ಲ. ಅಲಾರಂ ಜೊತೆಗೆ ಏನು ತಿನ್ನಬೇಕೆಂಬುದೂ ಮೊದಲೇ ತೀರ್ಮಾನವಾಗಿರಲಿ. ಎಷ್ಟೋ ಸಲ ತಿನ್ನುವುದಕ್ಕಿಂತ ಆರಿಸುವುದೇ ಸುಸ್ತು. ಇನ್ನೊಂದು ವಿಷಯ: ಏಕಾಗ್ರತೆಗಾಗಿ ಮಿಥೈಲ್‌ಫೆನಿಡೇಟ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಅದು ಹಸಿವನ್ನು ಕಡಿಮೆ ಮಾಡುತ್ತದೆ. ಹಾಗಿದ್ದರೆ ಮಾತ್ರೆಗೆ ಮೊದಲು ಒಂದು ಹೊಟ್ಟೆ ತುಂಬುವ ಊಟ, ಅದರ ಪ್ರಭಾವ ಇಳಿದ ಮೇಲೆ ಇನ್ನೊಂದು ಎಂದು ವೈದ್ಯರನ್ನು ಕೇಳಿ ಹೊಂದಿಸಿಕೊಳ್ಳಬಹುದು. ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ.

ಪ್ರಶ್ನೆ: ನಾನು 20 ವರ್ಷದ ವಿದ್ಯಾರ್ಥಿನಿ. ಅನೊರೆಕ್ಸಿಯಾ ಇದೆ, ತೂಕ ಏರುವ ಭಯ ನಿಜವಾಗಿಯೂ ಇದೆ. ಆದರೆ ನನಗೆ ಆಟಿಸಂ ಕೂಡ ಇದೆ ಎಂದು ಬಲವಾಗಿ ಅನ್ನಿಸುತ್ತದೆ. ಹಸಿವಿನಿಂದಲೇ ಹಾಗೆ ಕಾಣುತ್ತದೆ, ತೂಕ ಸರಿಯಾದ ಮೇಲೆ ನೋಡೋಣ ಎಂದು ವೈದ್ಯರು ಹೇಳುತ್ತಾರೆ. ನಾನು ಕಾಯಬೇಕೇ?

ಉತ್ತರ: ನಿಮ್ಮ ವೈದ್ಯರ ಮಾತಿನಲ್ಲಿ ಅರ್ಧ ಸತ್ಯವಿದೆ. 1944-45ರಲ್ಲಿ ಅಮೆರಿಕದ ಮಿನಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆಯಿಂದ, ಆರು ತಿಂಗಳು ಅರೆಹೊಟ್ಟೆಯ ಊಟ ಕೊಟ್ಟರು. ಅವರು ಜನರಿಂದ ದೂರ ಸರಿದರು, ದಿನವಿಡೀ ಊಟದ ಬಗ್ಗೆಯೇ ಯೋಚಿಸಿದರು, ತಟ್ಟೆಯ ಮುಂದೆ ವಿಚಿತ್ರ ಕ್ರಮಗಳನ್ನು ಬೆಳೆಸಿಕೊಂಡರು. ಹಸಿವು ಯಾರನ್ನೇ ಆದರೂ ಬಿಗಿಯಾಗಿಸುತ್ತದೆ.

ಆದರೆ ಹಸಿವು ನಿಮ್ಮ ಬಾಲ್ಯವನ್ನು ಹಿಂದಕ್ಕೆ ಹೋಗಿ ಬದಲಿಸಲಾರದು. ಕಾಯಿಲೆ ಶುರುವಾಗುವ ಮೊದಲು, ನಾಲ್ಕೋ ಆರೋ ವರ್ಷದವರಿದ್ದಾಗ, ಬಟ್ಟೆಯ ಹೊಲಿಗೆ ಚುಚ್ಚುತ್ತಿತ್ತೇ, ಗೆಳತಿಯರ ಮಾತು ಅರ್ಥವಾಗದೆ ನಕಲು ಮಾಡುತ್ತಿದ್ದಿರಾ, ಒಂದೇ ವಿಷಯದಲ್ಲಿ ಮುಳುಗಿಹೋಗುತ್ತಿದ್ದಿರಾ? ತಾಯಿಯನ್ನೋ ಅಕ್ಕನನ್ನೋ ಕೇಳಿ ಬರೆದಿಡಿ, ಶಾಲೆಯ ಹಳೆಯ ವರದಿಗಳನ್ನು ಹುಡುಕಿ. ಆಟಿಸಂ ಪತ್ತೆ ಮಾಡುವ ತಜ್ಞರಿಗೆ ಬೇಕಾದದ್ದು ಅದೇ. ಸ್ವೀಡನ್ನಿನ ಕ್ರಿಸ್ಟೋಫರ್ ಗಿಲ್ಬರ್ಗ್ ಆಟಿಸಂಗೂ ಅನೊರೆಕ್ಸಿಯಾಗೂ ನಂಟಿರಬಹುದೇ ಎಂಬ ಪ್ರಶ್ನೆಯನ್ನು 1983ರಲ್ಲೇ ಎತ್ತಿದ್ದರು. ಅನೊರೆಕ್ಸಿಯಾಗೆ ಚಿಕಿತ್ಸೆ ಪಡೆಯುವ ಮಹಿಳೆಯರಲ್ಲಿ ಐವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಆಟಿಸಂನ ಗುಣಗಳು ಗಣನೀಯವಾಗಿರುತ್ತವೆ ಎಂದು ಹಲವು ಅಧ್ಯಯನಗಳು ಅಂದಾಜಿಸಿವೆ.

ಅಧಿಕೃತ ತೀರ್ಮಾನಕ್ಕೆ ಕಾಯಬೇಕಾಗಬಹುದು. ಅನುಕೂಲಗಳಿಗೆ ಕಾಯಬೇಕಾಗಿಲ್ಲ. ಸ್ಪಷ್ಟ ಮಾತು, ಬರಹದಲ್ಲಿ ಸೂಚನೆ, ಸದ್ದಿಲ್ಲದ ಊಟದ ಜಾಗ, ಇವು ಆಟಿಸಂ ಇಲ್ಲದವರಿಗೂ ಹಾನಿ ಮಾಡುವುದಿಲ್ಲ. ‘ಆಟಿಸಂ ಇದೆ ಎಂದುಕೊಂಡೇ ನನ್ನೊಂದಿಗೆ ನಡೆದುಕೊಳ್ಳಿ, ತೀರ್ಮಾನ ಆಮೇಲೆ ಬರಲಿ’ ಎಂದು ಕೇಳಿ. ಅಷ್ಟೇ ಒತ್ತಿ ಇನ್ನೊಂದು ಮಾತನ್ನೂ ಹೇಳಬೇಕು: ಆಟಿಸಂ ಇದೆ ಎಂಬುದು ತೂಕ ಏರಿಸದಿರಲು ಕಾರಣವಾಗದಿರಲಿ. ಕ್ಯಾಲರಿ ಎಣಿಕೆ ನಿಮಗೆ ನೆಮ್ಮದಿ ಕೊಡುವ ಲೆಕ್ಕವೂ ಆಗಿರಬಹುದು, ನಿಮ್ಮನ್ನು ಕೊಲ್ಲುವ ಲೆಕ್ಕವೂ ಆಗಿರಬಹುದು. ನನಗೆ ಅದು ಚೆನ್ನಾಗಿ ಗೊತ್ತು. ಲೆಕ್ಕ ಬೇಕೇಬೇಕು ಎನಿಸಿದರೆ ಬೇರೆ ಏನನ್ನಾದರೂ ಎಣಿಸಲು ಸಿಗುವಂತೆ ನಿಮ್ಮ ತಂಡದೊಂದಿಗೆ ಸೇರಿ ಹುಡುಕಿ. ನನ್ನ ಬಳಿ ಬರುತ್ತಿದ್ದ ಒಬ್ಬ ಹುಡುಗಿ ಪ್ರತಿ ತುತ್ತಿಗೂ ಒಂದು ಮಣಿ ಪೋಣಿಸುತ್ತಿದ್ದಳು. ದಾರ ತುಂಬಿದರೆ ಊಟ ಮುಗಿಯಿತು.

ಪ್ರಶ್ನೆ: ನಾನು ಊಟದ ಕಾಯಿಲೆಗಳ ವಾರ್ಡಿನಲ್ಲಿ ನರ್ಸ್. ನೀವು ಹೇಳುವ ಬದಲಾವಣೆಗಳನ್ನು ಮಾಡುವ ಅಧಿಕಾರ ನನಗಿಲ್ಲ. ಈಗ ಆಟಿಸಂ ಇರುವ ಇಬ್ಬರು ನಮ್ಮಲ್ಲಿದ್ದಾರೆ. ನಾನೊಬ್ಬಳೇ ಏನು ಮಾಡಬಲ್ಲೆ?

ಉತ್ತರ: ನಿಮ್ಮ ಪತ್ರ ನಾಲ್ಕೇ ಸಾಲಿನದು, ಆದರೆ ಈ ವಾರ ನಾನು ಹೆಚ್ಚು ಸಲ ಓದಿದ್ದು ಅದನ್ನೇ. ನಿಮಗೆ ಹೇಳಲು ನನ್ನ ಬಳಿ ಒಂದು ರಾತ್ರಿಯ ಕತೆ ಇದೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನಿದ್ದ ವಾರ್ಡಿನ ಊಟದ ಕೋಣೆಯಲ್ಲಿ ಎಂಟು ಕುರ್ಚಿಗಳಿದ್ದವು. ಕುರ್ಚಿ ಎಳೆದಾಗ ಕಾಲು ನೆಲಕ್ಕೆ ಕಿರ್ರೆನ್ನುತ್ತಿತ್ತು. ಚಮಚ ತಟ್ಟೆಗೆ ತಾಗುವ ಸದ್ದು, ಗೋಡೆಯ ಮೇಲಿನ ಫ್ಯಾನಿನ ಗರಗರ, ಸೋಂಕುನಿವಾರಕದ ವಾಸನೆ, ಅದರ ಮೇಲೆ ಸೂಪಿನ ವಾಸನೆ. ಅರ್ಧ ಗಂಟೆಯೊಳಗೆ ತಟ್ಟೆ ಖಾಲಿಯಾಗಬೇಕು. ನನಗೆ ಆ ಅರ್ಧ ಗಂಟೆಯೆಲ್ಲ ಸದ್ದುಗಳನ್ನು ಸಹಿಸುವುದಕ್ಕೇ ಹೋಗುತ್ತಿತ್ತು. ಬಾಯಿಯ ಸರದಿ ಬರುತ್ತಲೇ ಇರಲಿಲ್ಲ. ಏಳನೆಯ ವಾರದಲ್ಲಿ ರಾತ್ರಿ ಪಾಳಿಗೆ ಹೊಸ ನರ್ಸ್ ಒಬ್ಬರು ಬಂದರು. ಅವರಿಗೂ ಏನನ್ನೂ ಬದಲಿಸುವ ಅಧಿಕಾರ ಇರಲಿಲ್ಲ. ಅವರು ಮೊದಲು ಬಾಗಿ ಫ್ಯಾನಿನ ಗುಂಡಿ ಆರಿಸಿದರು. ಆಮೇಲೆ ಅಡುಗೆಯವರಿಂದ ಮೂರು ಭಾಗಗಳಿರುವ ತಟ್ಟೆ ತಂದು, ಅದೇ ಊಟವನ್ನು, ಅಷ್ಟೇ ತೂಕದ್ದನ್ನು, ಒಂದಕ್ಕೊಂದು ತಾಗದಂತೆ ಬಡಿಸಿದರು. ಲೋಹದ ಚಮಚದ ಬದಲು ಪ್ಲಾಸ್ಟಿಕ್ಕಿನದು ಕೊಟ್ಟರು. ಎದುರಿಗೆ ಕುಳಿತುಕೊಳ್ಳದೆ ಪಕ್ಕದಲ್ಲಿ ಕುಳಿತು ತಮ್ಮ ಕಾಗದಪತ್ರ ಬರೆಯತೊಡಗಿದರು. ತಿನ್ನು ಎನ್ನಲಿಲ್ಲ, ಒಳ್ಳೆಯ ಹುಡುಗಿ ಎನ್ನಲಿಲ್ಲ. ಹತ್ತು ನಿಮಿಷವಾದ ಮೇಲೆ ಒಂದೇ ಪ್ರಶ್ನೆ ಕೇಳಿದರು: ‘ಇದರಲ್ಲಿ ಅತಿ ಕಷ್ಟದ್ದು ಯಾವುದು?’

ಆರು ವಾರದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನು ಬೆರಳಿನಿಂದ ತೋರಿಸಿದೆ. ಅವರು ಅದನ್ನು ಕಡತದಲ್ಲಿ ನನ್ನ ಮಾತಿನಲ್ಲೇ ಬರೆದರು, ವ್ಯಾಖ್ಯಾನ ಸೇರಿಸದೆ. ಬರೆದದ್ದನ್ನು ನನಗೆ ಓದಿ ತೋರಿಸಿದರು. ಆ ರಾತ್ರಿ ಮೂರು ಭಾಗಗಳಲ್ಲಿ ಎರಡು ಖಾಲಿಯಾದವು. ಬಹಳ ವರ್ಷಗಳ ನಂತರ, ಆಟಿಸಂ ಪತ್ತೆಗೆ ಹೋದಾಗ, ತಜ್ಞರು ನನ್ನ ಹಳೆಯ ಕಡತದಲ್ಲಿ ಬೆರಳಿಟ್ಟು ನಿಲ್ಲಿಸಿದ್ದು ಆ ಸಾಲಿನ ಮೇಲೆಯೇ.

ನಾಳೆ ಊಟದ ಹೊತ್ತಿಗೆ ಹತ್ತು ನಿಮಿಷ ಮೊದಲು ಆ ಕೋಣೆಗೆ ಹೋಗಿ, ಖಾಲಿ ಕುರ್ಚಿಯೊಂದರಲ್ಲಿ ಕುಳಿತು, ಏನೇನು ಕೇಳಿಸುತ್ತದೆ ಎಂದು ಬರೆದುಕೊಳ್ಳಿ. ಆ ಪಟ್ಟಿಯನ್ನು ನಿಮ್ಮ ಇಬ್ಬರು ರೋಗಿಗಳಿಗೆ ತೋರಿಸಿ, ಬಿಟ್ಟುಹೋದದ್ದನ್ನು ಸೇರಿಸಲು ಹೇಳಿ. ಆಮೇಲೆ ನನಗೆ ಬರೆಯಿರಿ.